ವೀಳ್ಯದ ಸೀಮೆಯಲ್ಲಿ ಮೂರು ದಿನ

ಗೋಕಾಕ, ಮೂಡಲಗಿ, ಹುಕ್ಕೇರಿ – ಬೆಳಗಾವಿ ಜಿಲ್ಲೆಯ ಈ ಮೂರು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವವರು ಸಾಮಾನ್ಯವಾಗಿ ಕಬ್ಬಿನ ವ್ಯವಹಾರದವರು, ಇಲ್ಲವೆ ಹೆಣ್ಣುಗಂಡುಗಳ ಸಂಬಂಧ ಕೂಡಿಸುವವರು. ನಾನು ಕಳೆದ ಮಾಘಮಾಸದಲ್ಲಿ ಈ ಮೂರೂ ಊರುಗಳನ್ನು ಸುತ್ತಿಬಂದುದು ಎರಡನೆಯ ಕಾರಣದಿಂದ. ಹುಕ್ಕೇರಿಯಲ್ಲಿ ನನ್ನ ತಮ್ಮನ ಮಗಳ ನಿಶ್ಚಯಕಾರ್ಯವಿತ್ತು. ಮೂಡಲಗಿಯ ಬೀಗರನ್ನು ಮೊದಲೇ ಕಂಡು ಕರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗೋಕಾಕದಲ್ಲಿ ಒಂದು ರಾತ್ರಿ ಇಳಿದುಕೊಂಡೆನು. ಅಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಭೆಟ್ಟಿಯಾಗದೆ ಹೋಗಿದ್ದರೆ ಈ ಪ್ರವಾಸದಲ್ಲಿ ವಾಚಕರಿಗೆ ಹೇಳತಕ್ಕ ಸಂಗತಿಯೇನೂ ಇರುತ್ತಿರಲಿಲ್ಲ.

ಈತನು ಶಾಲೆಯಲ್ಲಿ ನನ್ನಿಂದ ಶಬ್ದರೂಪಗಳನ್ನು ಕಲಿತದ್ದು ಕಡಿಮೆ, ಪ್ರಾರ್ಥನೆಯ ವೇಳೆಗೆ ಪೇಟಿ ಬಾರಿಸಿದ್ದು ಹೆಚ್ಚು. ಈಗ ಗೋಕಾಕದಲ್ಲಿ ನಾಲ್ಕಾರು ಮನೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುತ್ತಾನೆ. ದಾಸರ ಪದ, ನಾಟ್ಯಗೀತ, ವಚನ ಮೂರನ್ನೂ ಚೆನ್ನಾಗಿ ಹಾಡುತ್ತಾನೆ. ಅವನ ತಮ್ಮನದು ತಬಲಾ. ಊಟದ ಹೊತ್ತಿಗೆ ಕರದಂಟಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಬಂದವನ ಮುಖ ಮಾತ್ರ ಸಿಹಿಯಾಗಿರಲಿಲ್ಲ. ತನ್ನ ಮೊಬೈಲಿನಲ್ಲಿ ಬಂದ ಒಂದು ಪತ್ರವನ್ನು ನನಗೆ ತೋರಿಸಿದನು. ದೂರದ ಒಂದು ಮಹಾನಗರದ ಸಂಸ್ಥೆಯೊಂದು, ಅದರ ಹೆಸರು ಇಲ್ಲಿ ಬೇಡ, ಅವನನ್ನು ಸಂಗೀತೋತ್ಸವಕ್ಕೆ ಆಹ್ವಾನಿಸಿತ್ತು. ಹಾಡಲು 20 ಮಿನಿಟು. ಶಾಲು, ಹಾರ, ಸ್ಮರಣಿಕೆ, ಮೇಲೊಂದು ಬಿರುದು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: ‘ಸಹಭಾಗಿತ್ವ ಶುಲ್ಕ’ 15,000 ರೂಪಾಯಿ. ಪಕ್ಕವಾದ್ಯದವರನ್ನು ತಾನೇ ಕರೆತರತಕ್ಕದ್ದು. ಪ್ರಯಾಣದ ವೆಚ್ಚ ತನ್ನದೇ. ಸಾಧ್ಯವಾದರೆ ತನ್ನ ಕಡೆಯಿಂದ 30 ಜನ ಶ್ರೋತೃಗಳನ್ನೂ ಒದಗಿಸತಕ್ಕದ್ದು.

ನಾನು ಎರಡು ಸಲ ಓದಿದೆನು. ಶಾಲು ನಮ್ಮದೇ ದುಡ್ಡಿನದು, ಹೊದಿಸುವ ಕೈ ಮಾತ್ರ ಅವರದು ಎಂಬುದು ಎರಡನೆಯ ಓದಿಗೆ ತಿಳಿಯಿತು.

“ಸೊಸೈಟಿಯೊಳಗ ಸಾಲ ತಗೀಲೇನ್ರಿ ಗುರುಗಳ?” ಎಂದು ಕೇಳಿದನು. ಸ್ವಲ್ಪ ತಡೆದು, “ಮನ್ಯಾಗ ಆಕಿ ಪಾಟ್ಲಿ ಒತ್ತಿ ಇಡು ಅಂದಾಳ್ರಿ” ಎಂದನು.

ಆ ಪಾಟ್ಲಿಯ ಮಾತು ನನ್ನನ್ನು ಕಲಕಿತು. ಕೂಡಲೇ ‘ಬೇಡ’ ಎನ್ನಬೇಕೆಂದು ಬಾಯಿಗೆ ಬಂದಿದ್ದರೂ, ಹೊಟ್ಟೆಪಾಡಿನ ಪ್ರಶ್ನೆಗೆ ಊಟದ ತಟ್ಟೆಯ ಮುಂದೆ ಕುಳಿತು ಉತ್ತರ ಹೇಳುವದು ಸರಿಯೆನಿಸಲಿಲ್ಲ. “ಮೂರು ದಿನ ನನ್ನ ಸಂಗಡ ಬಾ. ಹುಕ್ಕೇರಿಯ ಕಾರ್ಯದಲ್ಲಿ ಎರಡು ಪದ ಹಾಡು. ಆಮೇಲೆ ವಿಚಾರ ಮಾಡೋಣ” ಎಂದೆನು. ಅವನು ಪೇಟಿಯನ್ನು ತರಲು ಮನೆಗೆ ಹೋದನು.

ಮರುದಿನ ಬೆಳಿಗ್ಗೆ ಜಲಪಾತಕ್ಕೆ ಹೋದೆವು. ಗೋಕಾಕದವರು ಪರಸ್ಥಳದವರನ್ನು ಅಲ್ಲಿಗೆ ಕರೆದೊಯ್ಯದೆ ಬಿಡುವದಿಲ್ಲ. ಘಟಪ್ರಭೆಯು ಕುದುರೆಯ ಲಾಳದಾಕಾರದ ಬಂಡೆಯಿಂದ ಸುಮಾರು 170 ಅಡಿ ಕೆಳಗೆ ಧುಮುಕುವ ಈ ಸ್ಥಳವನ್ನು ಶ್ರಾವಣದಲ್ಲಿ ನೋಡಬೇಕು; ಮಾಘದಲ್ಲಿ ಧಾರೆ ಸೊರಗಿರುತ್ತದೆ. ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯ, ನದಿಗೆ ಅಡ್ಡಲಾಗಿ ತೂಗುಸೇತುವೆ, ಆಚೆಗೆ 1885ರಲ್ಲಿ ಆರಂಭವಾದ ನೂಲಿನ ಗಿರಣಿ. 1887ರಲ್ಲಿಯೇ ಇಲ್ಲಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿದರು. ಗುಡಿಯ ನೆರಳಿನಲ್ಲಿ ಕುಳಿತಾಗ ಶಿಷ್ಯನು ತನ್ನ ಪಕ್ಷವನ್ನು ಮಂಡಿಸಿದನು.

“ಗುರುಗಳ, ಬಿತ್ತಬೇಕಂದ್ರ ಬೀಜದ ರೊಕ್ಕಾ ಮೊದಲ ಹಾಕಬೇಕಲ್ರಿ? ದೊಡ್ಡ ಊರಾಗ ಒಂದ್ಸಲ ಹಾಡಿದ್ರ ಆ ಫೋಟೋ ನೋಡಿ ನಾಕ್ ಮಂದಿ ಕರೀತಾರ್ರಿ.”

ಯುಕ್ತಿ ದುರ್ಬಲವಾದುದಲ್ಲ. ನಾನು ಓದಿದ ವಿದ್ಯೆಯು ಇಂಥ ವೇಳೆಗೆ ನನಗೇ ಪ್ರತಿಕೂಲವಾಗಿ ಸಾಕ್ಷಿ ನುಡಿಯುವದುಂಟು; ಆ ದಿನವೂ ಹಾಗೆಯೇ ಆಯಿತು. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳು ಓಲೆಗರಿಯಿಂದ ಉದ್ಧರಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ನನಗೆ ನೆನಪಾಯಿತು. ಪರದೇಶದಿಂದ ಬಂದ ವಾದ್ಯಗಾರರ ತಂಡವು ಒಂದೊಂದು ಆಟಕ್ಕೆ 5 ಪಣಗಳನ್ನು ‘ಪ್ರೇಕ್ಷಾವೇತನ’ವೆಂದು ಕೊಡಬೇಕೆಂದು ಗಣಿಕಾಧ್ಯಕ್ಷನ ಅಧ್ಯಾಯದಲ್ಲಿ ವಿಧಿಯಿದೆ. ಅದೇ ಗ್ರಂಥದಲ್ಲಿ ಅತ್ಯಂತ ಕೆಳಗಿನ ಸೇವಕನ ವೇತನ 60 ಪಣ. ವಿದ್ವಾಂಸರು ಅದನ್ನು ವರ್ಷದ ಲೆಕ್ಕವೆಂದು ಗಣಿಸುತ್ತಾರೆ. ಅಂದಮೇಲೆ 5 ಪಣವೆಂದರೆ ಬಡಸೇವಕನ ಒಂದು ತಿಂಗಳ ಕೂಲಿ. ಶಿಷ್ಯನ ತಿಂಗಳ ಗಳಿಕೆಯೂ 15,000ದ ಆಸುಪಾಸಿನದು. ಲೆಕ್ಕವು ಇಷ್ಟು ಸರಿಯಾಗಿ ಕೂಡಿಬಂದುದನ್ನು ನಾನು ಬಾಯಿಬಿಟ್ಟು ಹೇಳಬಾರದಾಗಿತ್ತು.

“ಅಂದ್ರ ಕೌಟಿಲ್ಯನ ಕಾಲದಿಂದ ನಡಕೋತ ಬಂದದ್ದ ಅಂದ್ರಿ!” ಎಂದು ಅವನು ನಕ್ಕನು.

ಅದೇ ಅಧ್ಯಾಯದಲ್ಲಿ ಗೀತ, ವಾದ್ಯ, ನೃತ್ಯಗಳನ್ನು ಕಲಿಸುವವರ ಜೀವಿಕೆಯನ್ನು ರಾಜನ ಬೊಕ್ಕಸದಿಂದ ನಡೆಸಬೇಕೆಂದೂ ಇದೆಯೆಂದು ನಾನು ಸೇರಿಸಿದೆನು. “ಆ ಬೊಕ್ಕಸ ಎಲ್ಲೈತ್ರಿ?” ಎಂದನು. ಇಬ್ಬರೂ ಎದ್ದು ಬಸ್ಸಿಗೆ ನಡೆದೆವು.

ಮೂಡಲಗಿಯು ಮೊದಲು ಗೋಕಾಕ ತಾಲೂಕಿನೊಳಗೇ ಇದ್ದು ಈಗ ಸ್ವತಂತ್ರ ತಾಲೂಕಿನ ಸ್ಥಳವಾಗಿದೆ. ಶಿವಬೋಧರಂಗರ ಮಠದಿಂದ ಊರಿಗೆ ಪಾವಿತ್ರ್ಯ, ದನದ ಸಂತೆಯಿಂದ ವರ್ಚಸ್ಸು. ದಾರಿಯುದ್ದಕ್ಕೂ ಕಬ್ಬು, ಗೋವಿನಜೋಳ; ಕಬ್ಬು ಹೇರಿದ ಟ್ರ್ಯಾಕ್ಟರುಗಳು ಜೋಡಿ ಡಬ್ಬಿಗಳನ್ನೆಳೆಯುತ್ತ ಮುಂದೆ ಹೋಗುತ್ತಿದ್ದರೆ ಬಸ್ಸಿಗೆ ತಾಳ್ಮೆಯೊಂದೇ ಗತಿ. ಬೀಗರ ಮನೆಯ ಯಜಮಾನರು ನಮ್ಮನ್ನು ಸಂತೆಗೆ ಕರೆದೊಯ್ದರು, ಯಾಕಂದರೆ ಅವರಿಗೆ ಒಂದು ಎಮ್ಮೆ ಬೇಕಾಗಿತ್ತು. ದಲಾಲಿಯೂ ಮಾರುವವನೂ ಒಂದೇ ಟಾವೆಲಿನ ಕೆಳಗೆ ಕೈಯಿಟ್ಟು ಬೆರಳಿನಿಂದ ಬೆಲೆ ಕುದುರಿಸುವ ಹಳೆಯ ಪದ್ಧತಿಯನ್ನು ನೋಡುತ್ತ ನಿಂತಿದ್ದೆವು. ಶಿಷ್ಯನ ದೃಷ್ಟಿಯು ಬೇರೆ ಕಡೆಗಿತ್ತು.

“ನೋಡ್ರಿ ಗುರುಗಳ, ಎಮ್ಮಿ ಹೊಡಕೊಂಡು ಬಂದಾವನೂ ಸಂತಿ ಪಾವತಿ ಹರಸತಾನ. ಜಾಗಾಕ್ಕ ರೊಕ್ಕಾ ಕೊಡೂದು ಲೋಕದಾಗ ಇದ್ದದ್ದ.”

ನನಗೆ ಉತ್ತರ ಹೊಳೆದುದು ಅಲ್ಲಿಯೇ. “ಹೌದಪ್ಪಾ, ಪಾವತಿ ಹರಿಸುತ್ತಾನೆ. ಆದರೆ ಸುತ್ತ ನೋಡು, ಕೊಳ್ಳುವವರು ಎಷ್ಟು ಜನ! ಕೊಳ್ಳುವವರು ಬಾರದ ಸಂತೆಗೆ ಎಮ್ಮೆಯವನು ಎರಡನೆಯ ವಾರ ಬರುವನೇ? ಸಂತೆಯವನ ಗಳಿಕೆಯು ವ್ಯಾಪಾರ ನಡೆಯುವದರ ಮೇಲೆ ನಿಂತಿದೆ. ನಿನ್ನ ಪತ್ರದವರಿಗೆ ಕೇಳುವವರು ಬಂದರೇನು, ಬಾರದಿದ್ದರೇನು? ಅವರ ಹಣವು ಹಾಡುವವರಿಂದಲೇ ಬಂದುಹೋಯಿತು. ಕೇಳುವವರನ್ನು ತರುವ ಭಾರವನ್ನೂ ನಿನ್ನ ತಲೆಯ ಮೇಲೆಯೇ ಹೊರಿಸಿದ್ದಾರೆ.”

ಅವನು ಸುಮ್ಮನಾದನು, ಒಪ್ಪಿದನೆಂದು ಅರ್ಥವಲ್ಲ.

ನಮ್ಮ ಕಡೆಯ ನಾಟಕದ ಕಂಪನಿಗಳೂ ಈ ವಿಷಯಕ್ಕೆ ಸಾಕ್ಷಿಯಾಗಿವೆ. ಕಂಪನಿಯ ಮಾಲಕನು ಜಾತ್ರೆಯ ಊರಿನಲ್ಲಿ ಮುಕ್ಕಾಮು ಮಾಡಿ ಬಯಲಿಗೆ ಬಾಡಿಗೆ ಕೊಡುತ್ತಿದ್ದನು. 1876ರ ನಾಟಕಪ್ರಯೋಗದ ಕಾಯದೆಯ ಮೂಲಕ ಸರಕಾರದ ಕಣ್ಣು ಅವನ ಮೇಲೆ. ಬೆಳಗಾವಿಯು ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ 1923ರ ಕರಮಣೂಕಿ ತೆರಿಗೆಯೂ ಅವನ ಬೆನ್ನಿಗೆ. ಮಳೆ ಬಂದರೆ ಆ ರಾತ್ರಿಯ ಆಟ ನೀರುಪಾಲು. ಏಣಗಿಯ ಬಾಳಪ್ಪನವರು (1914–2017) ತಮ್ಮ ಕಲಾವೈಭವ ನಾಟ್ಯಸಂಘವನ್ನು ಇಂಥ ಕಷ್ಟಗಳ ನಡುವೆಯೇ ನಡೆಸಿದರು. ಆದರೆ ಟಿಕೀಟಿನ ಪೆಟ್ಟಿಗೆಯ ಕೀಲಿಯು ಕಂಪನಿಯ ಕೈಯಲ್ಲಿತ್ತು. ಬಾಡಿಗೆಯನ್ನು ತೆತ್ತವನಿಗೆ ಪ್ರೇಕ್ಷಕನ ಆಣೆ ಪಾವಲಿಗಳೂ ಬರುತ್ತಿದ್ದವು. ದೂರದ ವಿಯೆನ್ನಾದಲ್ಲಿ ಮೊತ್ಸಾರ್ಟನು 1784ರಲ್ಲಿ ತಾನೇ ಸಭಾಗೃಹವನ್ನು ಗೊತ್ತುಮಾಡಿ ಕಚೇರಿಗಳನ್ನು ನಡೆಸಿದಾಗಲೂ, 170ಕ್ಕೆ ಮಿಕ್ಕಿದ ಚಂದಾದಾರರು ಮುಂಗಡವಾಗಿ ಹಣ ಕೊಟ್ಟಿದ್ದರು. ಅಲ್ಲಿಯೂ ಕಲಾವಿದನು ಖರ್ಚು ಮಾಡಿದನು, ನಷ್ಟದ ಭಯವನ್ನು ಹೊತ್ತನು. ಆದರೆ ಅಂಗಡಿಯು ಅವನದಾಗಿತ್ತು.

ಮಂಡ್ಯ, ತುಮಕೂರುಗಳ ಕಡೆಗೆ ಇನ್ನೊಂದು ರೂಢಿಯಿದೆ. ಅಲ್ಲಿ ಹಳ್ಳಿಯ ಗೃಹಸ್ಥರು ಕುರುಕ್ಷೇತ್ರವೇ ಮೊದಲಾದ ಪೌರಾಣಿಕ ನಾಟಕಗಳನ್ನಾಡುವಾಗ ಪಾತ್ರಕ್ಕೆ ಇಂತಿಷ್ಟೆಂದು ತಾವೇ ಹಣ ಕೊಡುತ್ತಾರೆ; ದುರ್ಯೋಧನನಿಗೆ ಹೆಚ್ಚು, ಸೈನಿಕನಿಗೆ ಕಡಿಮೆ. ಅದು ಹವ್ಯಾಸದ ವೆಚ್ಚ, ಯಾತ್ರೆಗೆ ಹೋದಂತೆ. ಒಂದು ರಾತ್ರಿ ಕಿರೀಟವಿಟ್ಟು ಮರುದಿನ ಗದ್ದೆಗೆ ಹೋಗುವವನನ್ನು ಹಳಿಯಲು ನನಗೆ ಮನಸ್ಸಿಲ್ಲ. ಕಲೆಯನ್ನೇ ನಂಬಿ ಒಲೆ ಹೊತ್ತಿಸುವವನಿಂದ ಹಾಗೆ ತೆಗೆದುಕೊಳ್ಳುವ ಮಾತು ಬೇರೆ. ಚೆನ್ನೈಯ ಮಾರ್ಗಶಿರದ ಋತುವಿನಲ್ಲಿ ನರ್ತಕಿಯರು ವೇದಿಕೆಗಾಗಿ ಹಣ ತೆರಬೇಕಾಗುವದೆಂಬ ದೂರು ಬಹುವರ್ಷಗಳಿಂದ ಬಹಿರಂಗವಾಗಿಯೇ ಚರ್ಚೆಯಾಗುತ್ತಿದೆ. ಅಮೇರಿಕೆಯ ಲಾಸ್ ಏಂಜಲೀಸಿನ ಕ್ಲಬ್ಬುಗಳಲ್ಲಿ 1980ರ ದಶಕದಲ್ಲಿ ಹೊಸ ವಾದ್ಯವೃಂದಗಳು ಟಿಕೀಟುಗಳನ್ನು ಮೊದಲೇ ತಾವು ಕೊಂಡು, ಆಮೇಲೆ ಗೆಳೆಯರಿಗೆ ಮಾರಿಕೊಳ್ಳಬೇಕಾಗಿತ್ತು. 30 ಜನರನ್ನು ತರುವ ಕರಾರಿನ ಮೂಲ ಅಲ್ಲಿಂದ ಬಂದಿರಲಿ, ಬಾರದಿರಲಿ, ಗುಣವಂತೂ ಒಂದೇ.

ಮೂಡಲಗಿಯಿಂದ ಮಧ್ಯಾಹ್ನ ಕುಲಗೋಡಕ್ಕೆ ಹೋದೆವು. ಇದು ನನ್ನ ಬೀಗತನದ ಕೆಲಸದಲ್ಲಿ ಸೇರಿರಲಿಲ್ಲ. ಪಾರಿಜಾತದ ಊರನ್ನು ಇಷ್ಟು ಹತ್ತಿರದಿಂದ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಅಪರಾಳ ತಮ್ಮಣ್ಣನು ರಚಿಸಿದ ಶ್ರೀಕೃಷ್ಣಪಾರಿಜಾತವನ್ನು ರಂಗಕ್ಕೆ ಹೊಂದಿಸಿ ಬೆಳೆಸಿ, ಬೆಳಗಾವಿ ವಿಜಾಪುರಗಳ ಸೀಮೆಯಲ್ಲೆಲ್ಲ ಹಬ್ಬಿಸಿದವನು ಈ ಕುಲಗೋಡದ ತಮ್ಮಣ್ಣ. ನಾರದನು ತಂದ ಒಂದು ಹೂವು, ಅದನ್ನು ರುಕ್ಮಿಣಿಗೆ ಕೊಟ್ಟ ಕೃಷ್ಣ, ಮುನಿಸಿಕೊಂಡ ಸತ್ಯಭಾಮೆ – ಕಥೆಯು ಇಷ್ಟೇ. ಆದರೆ ಬೆಳಗಿನ ಚಿಕ್ಕೆ ಮೂಡುವವರೆಗೂ ಹಳ್ಳಿಗರು ಎದ್ದು ಹೋಗುತ್ತಿರಲಿಲ್ಲ. ಸಮೀಪದ ಕೌಜಲಗಿಯ ನಿಂಗಮ್ಮನು ಈ ಆಟದಿಂದಲೇ ಕನ್ನಡ ನಾಡಿನಲ್ಲಿ ಹೆಸರಾದಳು. ಬೆಟಗೇರಿಯ ಕೃಷ್ಣಶರ್ಮರು ಹುಟ್ಟಿದ್ದೂ ಇದೇ ಗೋಕಾಕದ ಸೀಮೆಯಲ್ಲಿ. ಅವರು ‘ಜಯಂತಿ’ ಮಾಸಪತ್ರಿಕೆಯನ್ನು ನಡೆಸಿದವರು, ಹಳ್ಳಿಯ ಹಾಡುಗಳನ್ನು ಕೂಡಿಸಿದವರು.

ಊರ ಮುಂದಿನ ಕಟ್ಟೆಯ ಮೇಲೆ ಒಬ್ಬ ವೃದ್ಧರು ಸಿಕ್ಕರು. ಪ್ರಾಯದಲ್ಲಿ ಪಾರಿಜಾತದ ಮೇಳದಲ್ಲಿ ತಾಳ ಹಿಡಿದವರು. ಶಿಷ್ಯನ ಪೇಟಿಯನ್ನು ಕಂಡೊಡನೆ ಅವರ ಕಣ್ಣು ಅರಳಿತು. ಪತ್ರದ ಸಂಗತಿಯನ್ನು ನಾನು ವಿವರಿಸಿದಾಗ ಅವರಿಗೆ ಮೊದಲು ಅರ್ಥವೇ ಆಗಲಿಲ್ಲ; ಶಿಷ್ಯನಿಗೆ 15,000 ಕೊಡುತ್ತಾರೆಂದು ತಿಳಿದು, “ಭಾಳ ಚಲೋ ಆತು ತಮ್ಮಾ” ಎಂದು ಹರಸಿದರು. ಎರಡನೆಯ ಸಲ ಹೇಳಬೇಕಾಯಿತು.

“ಅಂವ ಕೊಡಬೇಕಾ? ಹಾಡಾಂವ?” ಎಂದು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವರು ಹೇಳಿದ ಮಾತಿನ ಸಾರ ಹೀಗಿತ್ತು. ಆಟವಾಡಿಸಬೇಕೆಂದ ಊರಿನ ಹಿರಿಯರು ಮನೆಮನೆಗೆ ಪಟ್ಟಿ ಹಾಕುತ್ತಿದ್ದರು; ಇದ್ದವನು ರೊಕ್ಕ, ಇಲ್ಲದವನು ಜೋಳ. ಅನಂತರ ಇಬ್ಬರು ಮೇಳದ ಮುಖ್ಯನ ಮನೆಗೆ ಬಂದು ಎಲೆಯಡಕೆಯ ಮೇಲೆ ಮುಂಗಡವನ್ನಿಟ್ಟು ವೀಳ್ಯ ಕೊಡುತ್ತಿದ್ದರು. ವೀಳ್ಯ ಹಿಡಿದಮೇಲೆ ಮೇಳದವನಿಗೆ ಜ್ವರ ಬಂದರೂ ಹೋಗಲೇಬೇಕು. ಕೊಟ್ಟ ಊರಿನವರೂ ಮತ್ತೊಂದು ಮೇಳವನ್ನು ಕರೆಯುವಂತಿಲ್ಲ. ಊಟ, ಬಿಡಾರ, ದೀಪದೆಣ್ಣೆ ಊರಿನದು. ಆಟದ ನಡುವೆ ಮೆಚ್ಚಿದವರು ಆಯೇರಿ ಮಾಡುತ್ತಿದ್ದರು. ಕೊಟ್ಟವನ ಹೆಸರನ್ನು ಹಿಡಿದು ರಂಗದಲ್ಲಿ ಕೂಗುತ್ತಿದ್ದರು. ನಾಲ್ಕಾಣೆ ಕೊಟ್ಟವನ ಹೆಸರನ್ನು ಸಹ ಮುಂಜಾವಿನವರೆಗೆ ನಾಲ್ಕು ಸಲ ಕೂಗಿಸಬೇಕಾಗುತ್ತಿತ್ತೆಂದು ಹೇಳಿ ಮುದುಕರು ನಕ್ಕರು.

ಅವರು ಹಳೆಯ ಕಾಲವನ್ನು ಬಂಗಾರವೆಂದು ಬಣ್ಣಿಸಲಿಲ್ಲ. ಅದಕ್ಕಾಗಿಯೇ ಅವರ ಮಾತನ್ನು ನಾನು ನಂಬಿದೆನು. ಮಾತು ಕೊಟ್ಟ ಗೌಡನು ಬೆಳಗಾದಮೇಲೆ ಅರ್ಧ ರೊಕ್ಕದಲ್ಲಿ ಕೈತೊಳೆದುಕೊಂಡುದುಂಟು. ಕಟ್ಟಿಕೊಟ್ಟ ಜೋಳದಲ್ಲಿ ಹುಳು ಇದ್ದುದುಂಟು. ರಂಗಕ್ಕೆ ಬಂದ ಹೆಣ್ಣುಮಕ್ಕಳು ರಾತ್ರಿ ಕೈಮುಗಿಸಿಕೊಂಡು ಹಗಲು ಊರಿನ ಬಾಯಿಗೆ ಬೀಳುತ್ತಿದ್ದರು. “ಕೊಡೂದರಾಗ ಕಡಿಮಿ ಮಾಡ್ಯಾರ ಮಾಸ್ತರ, ಸುಳ್ಳ್ಯಾಕ ಹೇಳ್ಲಿ? ಆದ್ರ ಆಡಾವನ ಕಿಸೇಕ ಯಾರೂ ಕೈ ಹಾಕಿದ್ದಿಲ್ಲ.”

ಶಿಷ್ಯನು ಅವರ ಮುಂದೆ ಪೇಟಿಯನ್ನು ತೆರೆದನು. ಒಂದು ಪದ ಮುಗಿಯುವಷ್ಟರಲ್ಲಿ ಕಟ್ಟೆಯ ಸುತ್ತ ಹತ್ತು ಹನ್ನೆರಡು ಜನ ಕೂಡಿದ್ದರು. ಮುದುಕರು ತೊಡೆಯ ಮೇಲೆ ತಾಳ ಹಾಕುತ್ತ, ಒಂದು ಕಡೆಗೆ ಲಯ ಓಡಿತೆಂದು ತಿದ್ದಿದರು. ಹೊರಡುವಾಗ ಅವನ ಮೊಬೈಲಿನ ನಂಬರನ್ನು ಮೊಮ್ಮಗನಿಂದ ಬರೆಸಿಕೊಂಡರು.

ಮೂರನೆಯ ದಿನ ಹುಕ್ಕೇರಿ. ಘಟಪ್ರಭೆಯ ದಂಡೆಯ ಘೋಡಗೇರಿಯು ಈ ತಾಲೂಕಿನದು. ಚಂದ್ರಶೇಖರ ಕಂಬಾರರ ಹುಟ್ಟೂರು. ಬಯಲಾಟವನ್ನು ಕಂಡು ಬೆಳೆದು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಗ್ರಂಥ ಬರೆದು, ಆ ಧಾಟಿಯನ್ನೇ ಹೊಸ ನಾಟಕಕ್ಕೆ ತಂದು ಜ್ಞಾನಪೀಠವನ್ನು ಪಡೆದವರು ಅವರು. ಪಟ್ಟಿ ಹಾಕಿ ಆಟವಾಡಿಸಿದ ಹಳ್ಳಿಗಳ ದುಡ್ಡು ಎಲ್ಲೆಲ್ಲಿ ಫಲ ಕೊಟ್ಟಿತೆಂದು ಲೆಕ್ಕ ಹಾಕುವವರಾರು?

ಹುಕ್ಕೇರಿಯ ಹೆಸರನ್ನು ಹೂವಿನ ಕೇರಿಯೆಂದು ಬಿಡಿಸುತ್ತಾರೆ. ಇಲ್ಲಿಯ ಗುಲಾಬಿಗಳು ವಿಜಾಪುರದ ಸುಲ್ತಾನರಿಗೆ ಹೋಗುತ್ತಿದ್ದುವಂತೆ. ಆದಿಲಶಾಹಿ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ನಿಶ್ಚಯಕಾರ್ಯವು ಸಂಜೆಗಿದ್ದುದರಿಂದ ನಾವಿಬ್ಬರೂ ಆ ಕಡೆಗೆ ನಡೆದೆವು. ಗುಮ್ಮಟದ ಕೆಳಗೆ ಶಿಷ್ಯನು ಒಂದು ಷಡ್ಜವನ್ನು ಹಿಡಿದು ಅದರ ಮರುದನಿಯನ್ನು ಕೇಳುತ್ತ ನಿಂತನು. ವಿಜಾಪುರದ ಎರಡನೆಯ ಇಬ್ರಾಹಿಮ ಆದಿಲಶಹನ (1580–1627) ವಿಷಯವನ್ನು ನಾನು ಅವನಿಗೆ ಹೇಳಿದೆನು: ಕಿತಾಬ್-ಎ-ನೌರಸ್ ಎಂಬ ಗೀತಗಳ ಗ್ರಂಥವನ್ನು ತಾನೇ ರಚಿಸಿ, ಸರಸ್ವತಿಯನ್ನು ಸ್ತುತಿಸಿ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು, ಗಾಯಕರನ್ನು ಸಾಕಿದ ಅರಸು. ಇಲ್ಲಿಂದ ದೂರವಲ್ಲದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಅಲ್ಲಾದಿಯಾಖಾನರನ್ನು ಆಸ್ಥಾನದಲ್ಲಿಟ್ಟುಕೊಂಡುದನ್ನೂ ಹೇಳಿದೆನು. ಕಾಲಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸನೆಂಬ ನಾಟ್ಯಾಚಾರ್ಯನು, ವಿದ್ಯೆಯನ್ನು ಬರಿಯ ಜೀವಿಕೆಗೆ ಇಟ್ಟುಕೊಂಡವನನ್ನು ವ್ಯಾಪಾರಿಯೆಂದು ಹಳಿಯುವ ಪ್ರಸಂಗಕ್ಕೂ ಬಂದೆನು. ಹಳೆಯ ಮಾಸ್ತರನಿಗೆ ಒಬ್ಬನೇ ಶ್ರೋತೃ ಸಿಕ್ಕರೂ ಅದು ತರಗತಿಯೇ.

ಅವನು ಕೊನೆಯವರೆಗೂ ಕೇಳಿ ಮೆಲ್ಲಗೆ ಅಂದನು: “ಗುರುಗಳ, ತಪ್ಪ ತಿಳೀಬ್ಯಾಡ್ರಿ. ಗಣದಾಸಗ ಅರಮನಿ ಪಗಾರ ಇತ್ತು. ನಿಮಗ ಪೆನ್ಶನ್ ಐತಿ. ನಾ ಹೋಗಲಿಲ್ಲಂದ್ರ ನನ್ನ ಹೆಸರು ಗೋಕಾಕ ದಾಟೂದ ಹ್ಯಾಂಗ್ರಿ?”

ನನಗೆ ಮಾತು ಕಟ್ಟಿತು. ಗಣದಾಸನ ಸಂಬಳ ನಿಜ. ಇಂಥವರಿಗೆ ಸುಮ್ಮನೆ ವೇತನ ಕೊಡುವದೇಕೆಂದು ಆ ನಾಟಕದ ವಿದೂಷಕನೇ ಕೇಳುತ್ತಾನೆ. ನಾನು ನಲವತ್ತು ವರ್ಷ ಪಾಠ ಹೇಳಿದ ಆ ಭಾಗವನ್ನು ಶಿಷ್ಯನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದನು. ಹೊರಗೆ ಬಂದು ಚಹಾ ಕುಡಿದೆವು. ಆಗ ನಾನು ಉಪದೇಶವನ್ನು ಬಿಟ್ಟು ಒಂದೇ ಮಾತು ಹೇಳಿದೆನು: “ಹೋಗಬೇಡವೆನ್ನುವದಿಲ್ಲ. ಪಾಟ್ಲಿ ಒತ್ತಿಯಿಡುವ ಮೊದಲು ಅವರಿಗೆ ಮೂರು ಪ್ರಶ್ನೆ ಬರೆ. ಟಿಕೀಟು ಇದೆಯೇ, ಇದ್ದರೆ ಅದರಲ್ಲಿ ನಿನ್ನ ಪಾಲೆಷ್ಟು? ನಿನಗಿಂತ ಮೊದಲು ಮತ್ತು ಅನಂತರ ಆ ದಿನ ಎಷ್ಟು ಜನ ಹಾಡುವರು? ಹೋದ ವರ್ಷ ಅಲ್ಲಿ ಹಾಡಿದವರಲ್ಲಿ ಒಬ್ಬನನ್ನಾದರೂ ಈ ವರ್ಷ ಹಣ ಕೊಟ್ಟು ಕರೆದಿದ್ದಾರೆಯೇ?” ಅವನು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಬರೆದು ಕಳಿಸಿದನು.

ಸಂಜೆ ತಮ್ಮನ ಮನೆಯ ಅಂಗಳದಲ್ಲಿ ಅವನ ಹಾಡು. ಗಂಡಸರಲ್ಲಿ ಅರ್ಧ ಜನ ಕಬ್ಬಿನ ಬಿಲ್ಲಿನ ಮಾತಿನಲ್ಲಿದ್ದರು. ಮಕ್ಕಳು ಮೈಕಿನ ತಂತಿಯನ್ನು ಎರಡು ಸಲ ಕಿತ್ತರು. ಆದರೆ ಒಳಗಿನಿಂದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಕುಳಿತರು. ದಾಸರ ಪದವೊಂದನ್ನು ನಮ್ಮ ಅತ್ತಿಗೆಯವರ ತಾಯಿ, ಎಂಬತ್ತರ ಮುದುಕಿ, ಮತ್ತೊಮ್ಮೆ ಹಾಡಿಸಿದರು. ತಮ್ಮನು ತೆಂಗಿನಕಾಯಿ, ಎಲೆಯಡಕೆ, 1,100 ರೂಪಾಯಿಗಳನ್ನು ಅವನ ಕೈಯಲ್ಲಿಟ್ಟನು. ಸರಕಾರವು 2017ರ ಸರಕು ಸೇವಾ ತೆರಿಗೆಯಲ್ಲಿ ಜಾನಪದ, ಶಾಸ್ತ್ರೀಯ ಕಲಾವಿದರಿಗೆ ಒಂದು ಪ್ರಯೋಗಕ್ಕೆ ಒಂದೂವರೆ ಲಕ್ಷದವರೆಗಿನ ಸಂಭಾವನೆಯ ಮೇಲೆ ವಿನಾಯಿತಿಯನ್ನಿತ್ತಿದೆ. ನಮ್ಮ ಶಿಷ್ಯನಿಗೆ ಆ ಮೇರೆಯನ್ನು ಮುಟ್ಟುವ ಅಪಾಯವಿರಲಿಲ್ಲ. ಕಲಾವಿದನಿಗೆ ಹಣ ಬರುವದೆಂದೇ ಕಾಯದೆಯೂ ನಂಬಿಕೊಂಡಿದೆಯಲ್ಲ ಎಂದು ನನಗೆ ನಗೆ ಬಂದಿತು.

ಉತ್ತರವು ಆ ರಾತ್ರಿಯೇ ಬಂದಿತು. ಮೊದಲನೆಯ ಪ್ರಶ್ನೆಗೆ, ಪ್ರವೇಶ ಉಚಿತ. ಎರಡನೆಯದಕ್ಕೆ, ಆ ದಿನ ಹಾಡುವವರು 22 ಜನ. ಮೂರನೆಯದಕ್ಕೆ ಉತ್ತರವಿರಲಿಲ್ಲ, ಜಾಗಗಳು ಬೇಗನೆ ತುಂಬುತ್ತಿವೆ, ತಡಮಾಡಬೇಡಿರೆಂಬ ಸೂಚನೆ ಮಾತ್ರ ಇದ್ದಿತು. ಶಿಷ್ಯನು 22ನ್ನು 15,000ದಿಂದ ಗುಣಿಸಿದನು. ನಾನೂ ಮನಸ್ಸಿನಲ್ಲಿ ಗುಣಿಸಿದೆನು. 3,30,000. ಇಬ್ಬರೂ ಏನೂ ಅನ್ನದೆ ಮಲಗಿದೆವು.

ಬೆಳಿಗ್ಗೆ ಅವನು ಪಾಟ್ಲಿಯ ಮಾತನ್ನು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಯುಗಾದಿಗೆ ಹದಿನೈದು ದಿನಗಳಿರುವಾಗ ಕುಲಗೋಡದ ಮುದುಕರ ಮೊಮ್ಮಗನಿಂದ ಫೋನು ಬಂದಿತೆಂದು ಆಮೇಲೆ ತಿಳಿಸಿದನು: ಅವರ ಸಂಬಂಧಿಕರ ಊರಿನ ಜಾತ್ರೆಗೆ ಪೇಟಿಯವರು ಬೇಕಾಗಿದ್ದಾರೆ, ಮನೆಗೇ ಬಂದು ಮಾತಾಡುತ್ತೇವೆ ಎಂದು. ಎಷ್ಟು ಕೊಡುವರೆಂಬುದು ಇನ್ನೂ ಗೊತ್ತಾಗಿರಲಿಲ್ಲ.

ಹುಕ್ಕೇರಿಯ ನಿಲ್ದಾಣದಲ್ಲಿ ಗೋಕಾಕದ ಬಸ್ಸನ್ನೇರಿದಾಗ ಕಂಡಕ್ಟರನು ಪೇಟಿಯನ್ನು ಕಾಲಿನಿಂದ ಸ್ವಲ್ಪ ಸರಿಸಿ, ಅದಕ್ಕೆ ಬೇರೆ ಲಗೇಜಿನ ಟಿಕೀಟು ಬೇಕೆಂದನು. ಶಿಷ್ಯನು ತಕರಾರಿಲ್ಲದೆ ತೆಗೆದುಕೊಟ್ಟು, ಪೇಟಿಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡನು.